ಪೌಡರ್ ಟಾಯ್‌ನಲ್ಲಿ ತಾಪಮಾನ ಕೊಡುವುದು: ಹೀಟ್ ಟೂಲ್, ಪ್ರಾಪ್, ಕನ್ಸೋಲ್, ಲುವಾ ಹೋಲಿಕೆ

ತೆರೆಯ ಮೇಲೆ ಬಗೆಬಗೆಯ ವಸ್ತುಗಳ ಕಣಗಳನ್ನು ಹಾಕಿ ಆಡುವ ಸಿಮ್ಯುಲೇಶನ್ ಆಟ ದಿ ಪೌಡರ್ ಟಾಯ್. ಅದು ಪ್ರತಿ ಕಣದ ತಾಪಮಾನವನ್ನು ಒಳಗೆ ಕೆಲ್ವಿನ್‌ನಲ್ಲೇ ಇಟ್ಟುಕೊಳ್ಳುತ್ತದೆ. ಕನಿಷ್ಠ 0, ಗರಿಷ್ಠ 9999. ತೆರೆಯ ಮೇಲೆ ಸಾಮಾನ್ಯವಾಗಿ ಕಾಣುವುದು ಸೆಲ್ಸಿಯಸ್, ಹಾಗಾಗಿ ಅದೇ ಮಿತಿ −273.15 ಮತ್ತು 9725.85 ಆಗಿ ತೋರುತ್ತದೆ. ಹೊಸದಾಗಿ ಹಾಕಿದ ಹೆಚ್ಚಿನ ವಸ್ತುಗಳು 22 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ 295.15 ಕೆಲ್ವಿನ್‌ನಲ್ಲಿ ಶುರುವಾಗುತ್ತವೆ. ತಾಪಮಾನ ಬದಲಿಸುವ ದಾರಿಗಳನ್ನು ಒಂದೇ ಕೆಲಸಕ್ಕೆ ಬಳಸಿ ನೋಡಿದರೆ ವ್ಯತ್ಯಾಸ ಬೇಗ ಗೊತ್ತಾಗುತ್ತದೆ.

ಹೀಟ್ ಮತ್ತು ಕೂಲ್ ಟೂಲ್‌ಗಳು ಕೈಗೆ ಸಲೀಸು. ಬ್ರಷ್ ಕೆಳಗಿನ ಕಣಕ್ಕೆ ಪ್ರತಿ ಸಲ 2 ಡಿಗ್ರಿ ಏರುತ್ತದೆ ಅಥವಾ ಇಳಿಯುತ್ತದೆ. ಎಳೆಯಲು ಶುರು ಮಾಡಿದ ಮೇಲೆ ಶಿಫ್ಟ್ ಒತ್ತಿದರೆ ಹತ್ತು ಪಟ್ಟು ಜೋರು, ಕಂಟ್ರೋಲ್ ಒತ್ತಿದರೆ ಹತ್ತನೇ ಒಂದು ಭಾಗ. ಐಸ್ ಕರಗಿಸಲು, ಲಾವಾ ಬಿಸಿಯಾಗಿಡಲು ಇಷ್ಟು ಸಾಕು. ನಿಖರ ಅಂಕಿ ಬೇಕಿದ್ದರೆ ಇದನ್ನು ನೆಚ್ಚಬೇಡಿ. ಬ್ರಷ್ ಹೆಚ್ಚು ಹೊತ್ತು ನಿಂತ ಕಡೆ ಹೆಚ್ಚು ಬಿಸಿಯಾಗುತ್ತದೆ, ಪಕ್ಕದ ಕಣಗಳಿಗೂ ಶಾಖ ಹರಿಯುತ್ತದೆ.

ಪ್ರಾಪ್ ಎಂಬುದು ಕಣದ ಗುಣಗಳನ್ನು ನೇರವಾಗಿ ಬದಲಿಸುವ ಟೂಲ್. ಅದರಲ್ಲಿ ಟೆಂಪ್ (ತಾಪಮಾನ) ಆರಿಸಿ ಅಂಕಿ ಬರೆದರೆ ಮುಟ್ಟಿದ ಕಣವೆಲ್ಲ ನೇರ ಆ ತಾಪಮಾನಕ್ಕೆ ಬರುತ್ತದೆ. ಕಂಟ್ರೋಲ್ ಮತ್ತು ಶಿಫ್ಟ್ ಒಟ್ಟಿಗೆ ಹಿಡಿದು ಕ್ಲಿಕ್ ಮಾಡಿದರೆ ಅಂಟಿಕೊಂಡಿರುವ ಇಡೀ ಭಾಗ ಒಮ್ಮೆಗೇ ಬದಲಾಗುತ್ತದೆ. ಎಡವಟ್ಟಾಗುವುದು ಅಳತೆಯ ಮಾನದಲ್ಲಿ. ಹಳೆಯ ಆವೃತ್ತಿಗಳು ಬರಿ ಅಂಕಿಯನ್ನು ಕೆಲ್ವಿನ್ ಎಂದೇ ಓದುತ್ತವೆ. ಅದಕ್ಕೇ ಅಂಕಿಯ ಕೊನೆಗೆ ಸೆಲ್ಸಿಯಸ್‌ನ ‘ಸಿ’ (C) ಅಕ್ಷರ ಸೇರಿಸುವುದನ್ನು ರೂಢಿ ಮಾಡಿಕೊಳ್ಳಿ. ಆಗ ಯಾವ ಸೆಟ್ಟಿಂಗ್ ಇದ್ದರೂ ಅರ್ಥ ಒಂದೇ.

ಈ ತಪ್ಪು ಎಷ್ಟು ದುಬಾರಿ ಎಂಬುದನ್ನು ಟಿಎಸ್‌ಎನ್‌ಎಸ್ (TSNS) ಎಂಬ ತಾಪಮಾನದ ಸೆನ್ಸರ್ ಚೆನ್ನಾಗಿ ತೋರಿಸುತ್ತದೆ. ಅದರ ಸ್ವಂತ ತಾಪಮಾನವೇ ಅದರ ಗಡಿ: ಹತ್ತಿರದ ಕಣ ಅದಕ್ಕಿಂತ ಬಿಸಿಯಾದರೆ ಸ್ಪಾರ್ಕ್, ಅಂದರೆ ವಿದ್ಯುತ್ ಸಂಕೇತ ಬಿಡುತ್ತದೆ. 100 ಡಿಗ್ರಿಗೆ ಎಚ್ಚರಿಸಲಿ ಎಂದು ಬರಿ 100 ಬರೆದು ಅದು ಕೆಲ್ವಿನ್ ಆಗಿಬಿಟ್ಟರೆ ಗಡಿ −173.15ಕ್ಕೆ ಇಳಿದಿರುತ್ತದೆ, ಕೋಣೆಯ ಬಿಸಿಗೇ ಸೆನ್ಸರ್ ಬಿಡದೆ ಹೊಡೆದುಕೊಳ್ಳುತ್ತದೆ. ಗಡಿಯನ್ನು ಗರಿಷ್ಠ ಮಿತಿಗೇ ಇಟ್ಟರೂ ಕೆಲಸ ಕೆಟ್ಟಂತೆಯೇ. ಅದಕ್ಕಿಂತ ಬಿಸಿಯಾದದ್ದು ಆಟದಲ್ಲಿ ಇರಲಾರದು, ಸ್ಪಾರ್ಕ್ ಬರುವುದೇ ಇಲ್ಲ.

ತಂತಿಯಿಲ್ಲದೆ ಸ್ಪಾರ್ಕ್ ದಾಟಿಸುವ ವೈಫೈ ಕಣದ್ದೂ ಇದೇ ಕಥೆ. ಅದರ ಚಾನೆಲ್ ತಾಪಮಾನದಿಂದ ತೀರ್ಮಾನವಾಗುತ್ತದೆ, 100 ಡಿಗ್ರಿಗೊಂದು ಚಾನೆಲ್, ಗಡಿಗಳು ಸೆಲ್ಸಿಯಸ್‌ನಲ್ಲಿ ದುಂಡಗೆ: 0, 100, 200 ಹೀಗೆ. 300 ಡಿಗ್ರಿ ಬೇಕೆಂದು ಬರಿ 300 ಬರೆದು ಅದು ಕೆಲ್ವಿನ್ ಆಗಿಬಿಟ್ಟರೆ ಸಿಗುವುದು 26.85 ಡಿಗ್ರಿ ಸೆಲ್ಸಿಯಸ್. ಅದು ಆಗತಾನೆ ಹಾಕಿದ ವೈಫೈಗಳದ್ದೇ ಚಾನೆಲ್, ಬೇಡದ ತಂತಿಗಳೆಲ್ಲ ಒಂದಾಗಿಬಿಡುತ್ತವೆ. ಗಡಿಯ ಮೇಲೆ ನಿಲ್ಲಿಸದೆ 150, 250, 350 ಎಂದು ನಡುವಿನ ಅಂಕಿ ಕೊಡುವುದು ಒಳ್ಳೆಯದು.

ಒತ್ತಡ ಹುಟ್ಟಿಸುವ ಪಂಪ್ ಕಣದಲ್ಲೂ ಸೆಲ್ಸಿಯಸ್ ಅಂಕಿಯೇ ಒತ್ತಡದ ಅಂಕಿ, −256ರಿಂದ 256ರವರೆಗೆ. ಈ ಕಣಕ್ಕೆ ಹೀಟ್ ಟೂಲ್ ಬೇಕೆಂದೇ ನಿಧಾನ: 2ರ ಬದಲು 0.1.

ಆದೇಶ ಟೈಪ್ ಮಾಡುವ ಕನ್ಸೋಲ್‌ನಲ್ಲಿ ‘!ಸೆಟ್ ಟೆಂಪ್ ಆಲ್ 9999’ (!set temp all 9999) ಎಂಬಂಥ ಆದೇಶ ಒಂದೇ ಏಟಿಗೆ ತೆರೆಯ ಎಲ್ಲ ಕಣಗಳನ್ನೂ ಮಿತಿಗೆ ಏರಿಸುತ್ತದೆ. ‘ಆಲ್’ ಜಾಗದಲ್ಲಿ ವಸ್ತುವಿನ ಹೆಸರು ಹಾಕಿದರೆ ಅದೊಂದೇ ಬದಲಾಗುತ್ತದೆ. ಇಲ್ಲಿ ಕೊಡಬೇಕಾದ್ದು ಕೆಲ್ವಿನ್. ಬರಿ 0 ಕೊಟ್ಟರೆ ಬರುವುದು ನಿರಪೇಕ್ಷ ಶೂನ್ಯ, ನೀರೆಲ್ಲ ಹೆಪ್ಪುಗಟ್ಟುತ್ತದೆ. ಲುವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸ್ಕ್ರಿಪ್ಟ್‌ನಲ್ಲೂ ಕೆಲ್ವಿನ್ನೇ. ಸೆಲ್ಸಿಯಸ್‌ನಲ್ಲಿ ಲೆಕ್ಕ ಹಾಕಿದ್ದರೆ 273.15 ಕೂಡಿಸಿ ಕೊಡಿ. ನೂರಾರು ವೈಫೈಗಳಿಗೆ ಸರದಿಯಂತೆ ತಾಪಮಾನ ಹಂಚಬೇಕಿದ್ದರೆ ಲುವಾದಷ್ಟು ಅನುಕೂಲ ಬೇರೆಯದಿಲ್ಲ.

ತೆರೆಯ ಮೇಲಿನ ಮಾನಕ್ಕೆ ಸೆಲ್ಸಿಯಸ್ಸೇ ಸರಿ, ಏಕೆಂದರೆ ಪಂಪ್, ವೈಫೈ ಎರಡೂ ಅದರ ಲೆಕ್ಕದಲ್ಲೇ ನಡೆಯುತ್ತವೆ. ಸ್ಕ್ರಿಪ್ಟ್ ಬರೆಯುವಾಗ ಮಾತ್ರ ಕೆಲ್ವಿನ್‌ಗೆ ಬದಲಿಸಿಕೊಳ್ಳಬಹುದು. ಫ್ಯಾರನ್‌ಹೀಟ್‌ನಲ್ಲಿ ಮೇಲಿನ ಮಿತಿ 17538.53, ಆಟದ ಯಾವ ಲೆಕ್ಕವೂ ಅದಕ್ಕೆ ಹೊಂದುವುದಿಲ್ಲ.

ಕುದಿಯುವ ಬಿಂದುವನ್ನು ಪರೀಕ್ಷಿಸುವವರು ಒತ್ತಡವನ್ನೂ ಗಮನಿಸಬೇಕು. ನೀರಿನ ಕುದಿಯುವ ಬಿಂದು 373 ಕೆಲ್ವಿನ್, ಆದರೆ ಒತ್ತಡ ಒಂದು ಏರಿದಂತೆ ಕುದಿಯುವ ಬಿಂದು 2 ಡಿಗ್ರಿ ಮೇಲೆ ಹೋಗುತ್ತದೆ. ಮುಚ್ಚಿದ ಬಾಯ್ಲರ್‌ನಲ್ಲಿ ಒತ್ತಡ 20 ಇದ್ದರೆ 130 ಡಿಗ್ರಿಯಲ್ಲೂ ನೀರು ನೀರಾಗಿಯೇ ನಿಲ್ಲುತ್ತದೆ. ಆಗ ಸೆನ್ಸರ್ ಅನ್ನು ತಿದ್ದುವ ಮೊದಲು ಪ್ರೆಶರ್ ವ್ಯೂ ತೆರೆದು ನೋಡಿ.