ಥರ್ಮಲ್ ಶಾಕ್ ಚೇಂಬರ್: ಮೂರು ಮಳೆಗಾಲ ಆದ್ಮೇಲೆ ಬರೀತಿದೀನಿ

ಪೀಣ್ಯದಲ್ಲಿ ನಮ್ದೊಂದು ಚಿಕ್ಕ ಟೆಸ್ಟಿಂಗ್ ಲ್ಯಾಬು, ಗಾಡಿಗಳಿಗೆ ಹಾಕೋ ಸರ್ಕ್ಯೂಟ್ ಬೋರ್ಡುಗಳೇ ಜಾಸ್ತಿ ಬರೋದು. ಸಾಲ ಮಾಡಿ ಎರಡು ಝೋನ್ ಚೇಂಬರ್ ಮಾಡಿಸ್ಕೊಂಡ್ವಿ. ಮೇಲೆ ಬಿಸಿ, ಕೆಳಗೆ ಚಳಿ, ಮಧ್ಯೆ ಲಿಫ್ಟ್ ಥರ ಬಾಸ್ಕೆಟ್; ಅದ್ರಲ್ಲಿ ಬೋರ್ಡ್ ಇಟ್ಟು ಬಿಸಿಯಿಂದ ಚಳಿಗೆ, ಚಳಿಯಿಂದ ಬಿಸಿಗೆ ತಟ್ಟಂತ ಹಾಕಿ, ಏನಾದ್ರೂ ಬಿರುಕು ಬಿಡತ್ತಾ ನೋಡೋದು. ಮಿಕ್ಕಿದ್ದು ಕ್ಯಾಟಲಾಗ್‌ನಲ್ಲಿ ನೋಡ್ಕೊಳಿ.

ನನ್ ಗೋಳು ಐಸ್‌ದು. ಮೈನಸ್ 40ರಲ್ಲಿ ಅರ್ಧ ಗಂಟೆ, 125 ಡಿಗ್ರೀಲಿ ಅರ್ಧ ಗಂಟೆ, 500 ಸೈಕಲ್ ಅಂದ್ರೆ ಹತ್ತತ್ರ 21 ದಿನ ನಿಲ್ಲಿಸ್ದೆ ಓಡ್ಬೇಕು. ಬೇಸಿಗೇಲಿ ಓಡ್ತು. ಜುಲೈ ಬಂತು ನೋಡಿ, 40 ಸೈಕಲ್ ಆಗೋಷ್ಟ್ರಲ್ಲಿ ಕೆಳಗೆ ಗಾಳಿ ತಣ್ಣಗೆ ಮಾಡೋ ಕಾಯಿಲ್ ತುಂಬಾ ಐಸ್ ಕೂತು, ಗಾಳಿ ಆಡ್ದೆ, ಮೈನಸ್ 30 ದಾಟೋಕೇ ಒದ್ದಾಡ್ತಿತ್ತು, ಮಧ್ಯರಾತ್ರಿ ಅಲಾರಂ, ಐಸ್ ಕರಗ್ಸೋಕೆ ಡಿಫ್ರಾಸ್ಟ್ ಹಾಕು, ನೀರು ಬಸಿ, ಒರೆಸು, ಮತ್ತೆ ಶುರು ಮಾಡು. ಕಂಪನಿಗೆ ಫೋನ್ ಮಾಡಿದ್ರೆ "ಸಾರ್, ನಿಮ್ಮಲ್ಲಿ ಹ್ಯೂಮಿಡಿಟಿ ಜಾಸ್ತಿ" ಅಂತಾರೆ. ಡಿಸೈನ್ ಮಾಡೋವಾಗ ಮಳೆಗಾಲ ನೆನಪಾಗ್ಲಿಲ್ವಾ ಸ್ವಾಮಿ?

ಹಾಗಂತ ಬೈಕೊಂಡೇ ಎರಡು ವರ್ಷ ಕಳೀತು. ಆಮೇಲೊಂದಿನ ನಮ್ ಹುಡುಗ ದೇವರ ಫೋಟೋ ಮುಂದಿನ ಊದುಬತ್ತಿ ತಂದು ಚೇಂಬರ್ ಸುತ್ತ ಹಿಡ್ಕೊಂಡು ಬಂದ. ಬಾಗಿಲ ಹತ್ರ ಹೊಗೆ ನೆಟ್ಟಗೆ ಮೇಲೆ ಹೋಗ್ತಿತ್ತು, ವೈರ್ ಹೋಗೋ ತೂತಿನ ಹತ್ರ ಬಂದಿದ್ದೇ ತಡ, ಸರ್ರಂತ ಒಳಗೆ! ಒಳಗಿನ ಗಾಳಿ ತಣ್ಣಗಾಗಿ ಕುಗ್ದಾಗ ಹೊರಗಿನ ಒದ್ದೆ ಗಾಳಿ ಎಳ್ಕೊಳತ್ತೆ. ಆ ತೂತಿಗೆ ಕೊಟ್ಟಿದ್ದ ಸಿಲಿಕೋನ್ ರಬ್ಬರ್ ಬಿರಡೆ ಕತ್ತರಿಸಿ, ಟೆಂಪರೇಚರ್ ಅಳೆಯೋ 12 ಥರ್ಮೋಕಪಲ್ ವೈರ್ ತುರುಕಿದ್ದು ನಾವೇ. ಸಂದಿಗೆಲ್ಲ ಪುಟ್ಟಿ ಮೆತ್ತಿ, ನಮ್ದೇ ದುಡ್ಡಲ್ಲಿ ಡ್ರೈಯರಿಂದ ಒಣಗಾಳಿ ಪೈಪ್ ಎಳೆದ್ಮೇಲೆ ಈಗ ಮಳೇಲೂ ಡಿಫ್ರಾಸ್ಟ್ ಇಲ್ದೆ 150 ಸೈಕಲ್ ಹೋಗತ್ತೆ. ಆದ್ರೂ ಒಣಗಾಳಿ ಕನೆಕ್ಷನ್ ಅವರೇ ಕೊಡ್ಬೇಕಿತ್ತು, ಅದ್ರಲ್ಲಿ ನಾನು ಬಗ್ಗಲ್ಲ.

ಬಾಸ್ಕೆಟ್ ಬಗ್ಗೆ ಮಾತ್ರ ಎರಡು ಮಾತಿಲ್ಲ. 10 ಸೆಕೆಂಡ್ ಒಳಗೆ ಧಡ್ ಅಂತ ಇಳಿಯತ್ತೆ, ಪಕ್ಕದ ರೂಮಲ್ಲಿ ಟೀ ಕುಡೀತಾ ಆ ಸದ್ದಲ್ಲೇ ಸೈಕಲ್ ಎಣಿಸ್ತೀನಿ. ಡಿಸ್ಪ್ಲೇ ಮಾತ್ರ ನಂಬ್ಬೇಡಿ, ಅದು ಗಾಳಿಯ ಟೆಂಪರೇಚರು. ದಪ್ಪ ಹೀಟ್ ಸಿಂಕ್ (ಬಿಸಿ ಹೀರೋ ಲೋಹದ ತುಂಡು) ಇರೋ ಬೋರ್ಡ್ ಅಲ್ಲಿಗೆ ಮುಟ್ಟೋಕೆ ಇನ್ನೂ 15 ನಿಮಿಷ ಹಿಡಿಯತ್ತೆ, ಅದಕ್ಕೇ ಬೋರ್ಡಿಗೇ ವೈರ್ ಅಂಟಿಸೋದು. ಹೋದ್ತಿಂಗಳು ಒಂದು ದೊಡ್ಡ ರೆಸಿಸ್ಟರ್ ಕೆಳಗೆ ಬೆಸುಗೆ ಕೂದಲೆಳೆಯಷ್ಟು ಸೀಳಿತ್ತು, ಬೋರ್ಡ್ ಹಿಗ್ಗಿದಷ್ಟು ರೆಸಿಸ್ಟರಿನ ಸೆರಾಮಿಕ್ ಹಿಗ್ಗಲ್ಲ, ಮಧ್ಯೆ ಸಿಕ್ಕಿದ ಬೆಸುಗೆ ಪಾಡು ಅಷ್ಟೇ.

ಈಗ ಪ್ರತಿ ಟೆಸ್ಟ್‌ಗೂ ಮುಂಚೆ ಊದುಬತ್ತಿ ಸುತ್ತಿಸ್ತೀವಿ. ಬೋರ್ಡ್ ತಂದ ಕಸ್ಟಮರ್ ಒಬ್ರು ಪೂಜೆ ಅಂದ್ಕೊಂಡು ಚಪ್ಪಲಿ ಬಿಟ್ಟು ಒಳಗೆ ಬಂದ್ರು.