ಮಂಚದ ಮೇಲಿನ ಎರಡು ನಿಮಿಷದ ಪರೀಕ್ಷೆ ಬಿಟ್ಟು ‘ತಲೆಸುತ್ತಿನ ಪ್ಯಾಕೇಜ್’ ಮಾರುತ್ತಾರೆ, ಜಾಗ್ರತೆ

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಪೆರ್ಲ ಕಡೆಯವರು ದಯವಿಟ್ಟು ಓದಿ. ತಲೆಸುತ್ತು ಅಂತ ಮನೆಯ ಹಿರಿಯರನ್ನು ಕರೆದುಕೊಂಡು ಮಂಗಳೂರಿಗೆ ಹೊರಡುವ ಮೊದಲೇ ಓದಿ. ಈ ಪ್ಯಾಕೇಜ್ ಮಾರಿದ ಕೇಂದ್ರದ ಹೆಸರು ಹಾಕುವುದಿಲ್ಲ, ಇನ್‌ಬಾಕ್ಸಿನಲ್ಲಿ ಕೇಳಲೂ ಬೇಡಿ. ಬೋರ್ಡು ಬೇರೆಯಾದರೂ ಈ ವ್ಯಾಪಾರ ನಡೆಯುವ ಕ್ರಮ ಒಂದೇ.

ದೊಡ್ಡಮ್ಮನಿಗೆ 68. ಸಕ್ಕರೆ ಕಾಯಿಲೆ, ಬಿಪಿ ಎರಡೂ ಉಂಟು. ಬೆಳಿಗ್ಗೆ ಹಾಸಿಗೆಯಲ್ಲಿ ಬಲಕ್ಕೆ ಮಗ್ಗುಲಾದರೆ ಮನೆಯ ಮಾಡು ಸಮೇತ ತಿರುಗುತ್ತದೆ, ಅರ್ಧ ನಿಮಿಷದಲ್ಲಿ ನಿಲ್ಲುತ್ತದೆ. ಅಟ್ಟದ ಡಬ್ಬ ತೆಗೆಯಲು ತಲೆ ಎತ್ತಿದರೆ ಪುನಃ ಅದೇ. ಇದರ ಜೊತೆಗೆ ಇನ್ನೊಂದು ಬೇರೆಯೇ ಥರದ್ದು: ಎದ್ದು ನಿಂತಾಗ ಓಲಾಟ, ಮುಸ್ಸಂಜೆ ಅಂಗಳಕ್ಕೆ ಇಳಿದರೆ ಕಾಲು ಎಲ್ಲಿ ಬೀಳ್ತದೆ ಅಂತ ಗೊತ್ತಾಗುವುದಿಲ್ಲ. ಊರಿನಲ್ಲಿ ಮೊದಲು ಪಿತ್ತ ಅಂದರು. ಆಮೇಲೆ ರಕ್ತ ಕಮ್ಮಿ ಅಂದರು. ಆಮೇಲೆ ಕುತ್ತಿಗೆಯ ಎಕ್ಸ್‌ರೇ ತೆಗೆದು ಎಲುಬು ಸವೆದಿದೆ ಅಂತ ಕಾಲರ್ ಕಟ್ಟಿದರು. ಅರುವತ್ತು ದಾಟಿದ ಹೆಚ್ಚಿನವರ ಎಕ್ಸ್‌ರೇಯಲ್ಲಿ ಸವಕಳಿ ಕಂಡೇ ಕಾಣುತ್ತದೆ. ತಲೆಸುತ್ತಿಗೆ ಅದೇ ಕಾರಣ ಅನ್ನಲು ಅಷ್ಟು ಸಾಕಾಗುವುದಿಲ್ಲ, ಆದರೆ ಕಾಲರ್ ಮಾತ್ರ ತಕ್ಷಣ ಸಿಗುತ್ತದೆ.

ಬ್ಯಾಲೆನ್ಸ್ ತಪ್ಪಿದವರಿಗೆ ವ್ಯಾಯಾಮ ಮಾಡಿಸುವ ಫಿಸಿಯೋ ನಾನು, ಅದೇ ನನ್ನ ಹೊಟ್ಟೆಪಾಡು. ಆದರೆ ಹಿತ್ತಲ ಗಿಡ ಮದ್ದಲ್ಲವಲ್ಲ. ದೊಡ್ಡಮ್ಮನ ಮಗ, ನಮ್ಮ ಅಣ್ಣ, ಫೋನಿನಲ್ಲಿ ಬಂದ ಜಾಹೀರಾತು ನೋಡಿ ಕಾರು ಮಾಡಿಕೊಂಡು ಮಂಗಳೂರಿನ ಆ ಕೇಂದ್ರಕ್ಕೆ ದೊಡ್ಡಮ್ಮನನ್ನು ಕರೆದುಕೊಂಡು ಹೋಗಿಯೇಬಿಟ್ಟ. ಜಾಹೀರಾತಿನಲ್ಲಿ ಕನ್ನಡ, ಮಲಯಾಳ, ಇಂಗ್ಲಿಷು ಮೂರರಲ್ಲೂ ಒಂದೇ ಮಾತು: ಒಂದೇ ದಿನದಲ್ಲಿ ಎಲ್ಲ ಟೆಸ್ಟ್, ಅಂದೇ ರಿಪೋರ್ಟ್, ಅಂದೇ ಚಿಕಿತ್ಸೆ ಶುರು. ನಮ್ಮ ಕಡೆಯವರು ಬೀಳುವುದೇ ಇಲ್ಲಿ. ತಲೆ ತಿರುಗುವ ಮನುಷ್ಯರನ್ನು ಕಾರಿನಲ್ಲಿ ಕೂರಿಸಿಕೊಂಡು ತಲಪಾಡಿ ಗಡಿ ದಾಟಿಸುವುದು ಎಷ್ಟು ಕಷ್ಟ ಅಂತ ನಮಗೆ ಗೊತ್ತು, ಅವರಿಗೂ ಗೊತ್ತು.

ಪ್ಯಾಕೇಜಿಗೆ 17,800 ರೂಪಾಯಿ. ಕಿವಿ ಎಷ್ಟು ಕೇಳಿಸುತ್ತದೆ ಅಂತ ನೋಡುವ ಆಡಿಯೋಮೆಟ್ರಿ, ಕನ್ನಡಕ ಹಾಕಿಸಿ ಕಣ್ಣಿನ ಚಲನೆ ಅಳೆಯುವ ವಿಎನ್‌ಜಿ, ಕಿವಿಗೆ ಬಿಸಿ ತಣ್ಣನೆ ನೀರು ಬಿಡುವ ಕ್ಯಾಲೋರಿಕ್, ಹಲಗೆ ಮೇಲೆ ನಿಲ್ಲಿಸುವ ಇನ್ನೊಂದು, ಮೇಲಿಂದ ಹತ್ತು ಸಿಟ್ಟಿಂಗ್ ‘ಬ್ಯಾಲೆನ್ಸ್ ಥೆರಪಿ’. ಡಾಕ್ಟರನ್ನು ನೋಡುವ ಮೊದಲೇ ಕೌಂಟರಿನಲ್ಲಿ ದುಡ್ಡು. ಎಲ್ಲ ಟೆಸ್ಟ್ ಮುಗಿದ ಮೇಲೆ ಡಾಕ್ಟರ್ ಐದು ನಿಮಿಷ ಮಾತಾಡಿದರು. ಬಲ ಕಿವಿಯ ನರ ವೀಕ್ ಅಂತೆ. ಅಣ್ಣ ಫೈಲು ಹಿಡಿದುಕೊಂಡು ಗೆದ್ದವನ ಹಾಗೆ ಮನೆಗೆ ಬಂದ.

ಆ ಫೈಲು ಬಿಡಿಸಿದಾಗ ನನಗೆ ಮೈಯೆಲ್ಲ ಉರಿಯಿತು. ಮೂರನೇ ಪುಟದಲ್ಲಿ ‘ಡಿಕ್ಸ್ ಹಾಲ್‌ಪೈಕ್’ ಅಂತ ಒಂದು ಸಾಲು, ಮಂಚದಲ್ಲಿ ತಟ್ಟಂತ ಮಲಗಿಸಿ ಕಣ್ಣು ನೋಡುವ ಪರೀಕ್ಷೆ ಅದು. ಅದರ ಮುಂದೆ: ಬಲ ನೆಗೆಟಿವ್, ಎಡ ನೆಗೆಟಿವ್. ನಾನು ದೊಡ್ಡಮ್ಮನನ್ನು ಕೇಳಿದೆ, ನಿಮ್ಮನ್ನು ಕೂರಿಸಿ, ತಲೆ ಓರೆ ಮಾಡಿ, ತಟ್ಟಂತ ಹಿಂದಕ್ಕೆ ಮಲಗಿಸಿದ್ರಾ? ‘ಇಲ್ಲಪ್ಪ, ಕುತ್ತಿಗೆಯ ಪಟ್ಟಿ ಬಿಚ್ಚಲೇ ಇಲ್ಲ ಅವರು.’ ಪಟ್ಟಿಯೇ ಬಿಚ್ಚಿಲ್ಲ! ಕಾಲರ್ ಕಟ್ಟಿದ ಕುತ್ತಿಗೆಯನ್ನು 45 ಡಿಗ್ರಿ ತಿರುಗಿಸಿ, ಮಂಚದ ಅಂಚಿನಿಂದ 20 ಡಿಗ್ರಿ ಕೆಳಕ್ಕೆ ಇಳಿಸುವುದು ಹೇಗೆ ಸ್ವಾಮಿ? ಮಾಡದ ಪರೀಕ್ಷೆಗೆ ನೆಗೆಟಿವ್ ಅಂತ ಟೈಪು ಮಾಡಿ ಕೊಟ್ಟಿದ್ದಾರೆ. ಇಡೀ ಪ್ಯಾಕೇಜಿನಲ್ಲಿ ದೊಡ್ಡಮ್ಮನಿಗೆ ಬೇಕಾಗಿದ್ದದ್ದು ಅದೊಂದೇ ಪರೀಕ್ಷೆ. ಅದಕ್ಕೆ ಮೆಷಿನು ಬೇಡ, ಒಂದು ಮಂಚ ಸಾಕು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಳಕಿವಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಸಣ್ಣ ಹರಳು ಇರುತ್ತವೆ. ಅವು ಜಾಗ ಬಿಟ್ಟು ಅರ್ಧವೃತ್ತದ ನಾಳದೊಳಗೆ ಬಿದ್ದರೆ ತಲೆ ಅಲುಗಿದಾಗ ನಾಳದ ದ್ರವವನ್ನು ತಳ್ಳುತ್ತವೆ, ಮಿದುಳಿಗೆ ಇಡೀ ಮೈ ತಿರುಗಿದ ಹಾಗೆ ಸುದ್ದಿ ಹೋಗುತ್ತದೆ. ಇದಕ್ಕೆ ಬಿಪಿಪಿವಿ ಅನ್ನುತ್ತಾರೆ. ಮಗ್ಗುಲಾದಾಗ, ಬಗ್ಗಿದಾಗ, ತಲೆ ಎತ್ತಿದಾಗ ಬರುತ್ತದೆ, ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನಿಲ್ಲುತ್ತದೆ. ತಲೆಸುತ್ತಿನಲ್ಲಿ ತೀರಾ ಸಾಮಾನ್ಯವಾದದ್ದು ಇದು. ಪತ್ತೆಗೆ ಡಿಕ್ಸ್, ಹಾಲ್‌ಪೈಕ್ ಇಬ್ಬರು 1952ರಲ್ಲೇ ವಿವರಿಸಿದ ಪರೀಕ್ಷೆ ಸಾಕು. ಬೇರೆ ಲಕ್ಷಣ ಇಲ್ಲದಿದ್ದರೆ ಸ್ಕ್ಯಾನಿಂಗೂ ಬೇಡ ಅಂತ ಅಮೆರಿಕದ ಇಎನ್‌ಟಿ ವೈದ್ಯರ ಸಂಘದ 2017ರ ಮಾರ್ಗಸೂಚಿಯಲ್ಲಿ ಇದೆ.

ಕಾಲರ್ ಬಿಚ್ಚಿ, ಕುತ್ತಿಗೆ ತಿರುಗಿಸುವಾಗ ನೋವು, ಕೈ ಜೋಮು ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಭುಜದ ಅಡಿಗೆ ತಲೆದಿಂಬು ಕೊಟ್ಟು ಮಂಚದಲ್ಲೇ ಮಾಡಿ ನೋಡಿದೆ. ಎಡಕ್ಕೆ ಏನಿಲ್ಲ. ಬಲಕ್ಕೆ ಮಲಗಿಸಿದಾಗ ಮೊದಲು ಮೂರು ನಾಲ್ಕು ಸೆಕೆಂಡು ಶಾಂತ, ಆಮೇಲೆ ಶುರು: ಕಣ್ಣುಗುಡ್ಡೆ ಕೆಳಗಿನ ಕಿವಿಯ ಕಡೆಗೆ ತಿರುಚಿಕೊಂಡು, ಹಣೆಯ ಕಡೆಗೆ ಜರ್ಕು ಜರ್ಕಾಗಿ ಹೊಡೆಯುವುದು. ದೊಡ್ಡಮ್ಮ ನನ್ನ ಅಂಗಿಯ ತೋಳು ಹಿಡಿದು ಎಳೆದೇಬಿಟ್ಟರು. ಇಪ್ಪತ್ತು ಸೆಕೆಂಡಿನಲ್ಲಿ ನಿಂತಿತು. ಬಲಗಡೆಯ ಹಿಂಬದಿ ನಾಳ. ಪುಸ್ತಕದಲ್ಲಿ ಬರೆದ ಹಾಗೆ. ಇದನ್ನು ನೆಗೆಟಿವ್ ಅಂತ ಬರೆದುಕೊಟ್ಟವರಿಗೆ 17,800!

ಫೈಲಿನ ಉಳಿದ ಪುಟ ನೋಡಿದರೆ ಸಿಟ್ಟು ಇನ್ನೂ ಜಾಸ್ತಿ. ಕ್ಯಾಲೋರಿಕ್‌ನಲ್ಲಿ 30 ಮತ್ತು 44 ಡಿಗ್ರಿ ನೀರು ಬಿಟ್ಟು ಎರಡೂ ಕಿವಿಯ ಪ್ರತಿಕ್ರಿಯೆ ಹೋಲಿಸುತ್ತಾರೆ. ಸ್ವಲ್ಪ ವ್ಯತ್ಯಾಸ ಎಲ್ಲರಲ್ಲೂ ಇರುತ್ತದೆ, 25 ಶೇಕಡಾ ದಾಟಿದರೆ ಹೆಚ್ಚಿನ ಕಡೆ ದೋಷ ಅನ್ನುತ್ತಾರೆ. ದೊಡ್ಡಮ್ಮನದ್ದು 22. ಅದರ ಅಡಿಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ! ಆ ದಿನ ಬೆಳಿಗ್ಗೆ ಸಿನ್ನರಿಜಿನ್ ಮಾತ್ರೆ ತಿಂದೇ ಹೋಗಿದ್ದರು, ಯಾರೂ ಕೇಳಿಲ್ಲ. ತಲೆಸುತ್ತಿನ ಮಾತ್ರೆ ಮೈಯಲ್ಲಿದ್ದರೆ ಈ ಟೆಸ್ಟ್ ಕೆಡುತ್ತದೆ. ಸಾಮಾನ್ಯವಾಗಿ 48 ಗಂಟೆ ಮೊದಲೇ ಡಾಕ್ಟರನ್ನು ಕೇಳಿ ಅದನ್ನು ನಿಲ್ಲಿಸಿ ಬರಲು ಹೇಳುತ್ತಾರೆ (ಬಿಪಿ, ಸಕ್ಕರೆ ಮಾತ್ರೆ ಅಲ್ಲ, ಅದನ್ನು ನಿಲ್ಲಿಸಬೇಡಿ). ಕಿವಿಯಲ್ಲಿ ಗುಗ್ಗೆ ಉಂಟಾ ಅಂತಲೂ ನೋಡಬೇಕು, ಗುಗ್ಗೆ ಇದ್ದರೆ ನೀರು ಒಳಗೆ ತಲುಪುವುದೇ ಇಲ್ಲ. ಅದನ್ನೂ ನೋಡಿಲ್ಲ. ವಿಎನ್‌ಜಿಯೇ ಮೋಸ ಅಂತ ನಾನು ಹೇಳುತ್ತಿಲ್ಲ. ಬೇಕಾದವರಿಗೆ, ಸರಿಯಾಗಿ ಮಾಡಿದರೆ ಒಳ್ಳೆ ಟೆಸ್ಟ್ ಅದು. ಎಲ್ಲರಿಗೂ ಮೊದಲ ದಿನವೇ ಬೇಕಾಗಿಲ್ಲ.

ಫೋನ್ ಮಾಡಿದೆ. ಅವರ ಉತ್ತರ ಕೇಳಿ.

ಕೌಂಟರಿನ ಹುಡುಗಿ: ‘ಸರ್, ರಿಪೋರ್ಟಲ್ಲಿ ನೆಗೆಟಿವ್ ಅಂತ ಉಂಟಲ್ಲ, ಮತ್ತೆಂತ?’ ಮಾಡಲೇ ಇಲ್ಲ ಅಂದೆ. ‘ಮಾಡದೆ ಹೇಗೆ ಬರ್ತದೆ ಸರ್, ಅದು ಕಂಪ್ಯೂಟರ್ ರಿಪೋರ್ಟ್.’

ಮ್ಯಾನೇಜರ್ ಲೈನಿಗೆ ಬಂದರು. ‘ಮೆಷಿನ್ ಸುಳ್ಳು ಹೇಳ್ತದಾ? ನೀವು ಡಾಕ್ಟ್ರಾ?’ ಫಿಸಿಯೋ ಅಂದೆ. ‘ಓ, ಫಿಸಿಯೋ’ ಅಂತ ನಕ್ಕರು. ಆ ನಗು ನನಗೆ ಇವತ್ತಿಗೂ ಕಿವಿಯಲ್ಲಿ ಉಂಟು. ಹತ್ತು ಸಿಟ್ಟಿಂಗಿನ ದುಡ್ಡಾದರೂ ವಾಪಸು ಕೊಡಿ ಅಂದೆ. ‘ಪ್ಯಾಕೇಜ್ ಅಂದ್ರೆ ಪ್ಯಾಕೇಜ್ ಸರ್, ರೀಫಂಡ್ ಆಗುದಿಲ್ಲ. ಬೇಕಾದ್ರೆ ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದ್ರೂ ತಲೆಸುತ್ತು ಇದ್ರೆ ಅವರ ಹೆಸರಿಗೆ ಟ್ರಾನ್ಸ್‌ಫರ್ ಮಾಡಿ ಕೊಡ್ತೇವೆ.’

ಟ್ರಾನ್ಸ್‌ಫರ್! ಬಸ್ ಪಾಸು ಕೂಡ ಇನ್ನೊಬ್ಬರ ಹೆಸರಿಗೆ ಆಗುವುದಿಲ್ಲ, ಇವರಲ್ಲಿ ಚಿಕಿತ್ಸೆ ಆಗುತ್ತದಂತೆ.

ಆಮೇಲೆ ನಮ್ಮದೇ ಕಡೆಯ ಸರಕಾರಿ ಆಸ್ಪತ್ರೆಯ ಇಎನ್‌ಟಿ ಒಪಿಗೆ ಕರೆದುಕೊಂಡು ಹೋದೆವು. ಒಪಿ ಚೀಟಿ ಮಾಡಿಸಿ ಕಾದದ್ದಷ್ಟೇ ಕಷ್ಟ. ಅಲ್ಲಿಯ ಡಾಕ್ಟರು ಪುನಃ ಹಾಲ್‌ಪೈಕ್ ಮಾಡಿ ನೋಡಿ ಅಲ್ಲೇ ಎಪ್ಲಿ ಮಾಡಿದರು. ಎಪ್ಲಿ ಅಂದರೆ ಹರಳನ್ನು ನಾಳದಿಂದ ಹೊರಗೆ ಉರುಳಿಸುವ ಕ್ರಮ, ಜಾನ್ ಎಪ್ಲಿ ಎಂಬ ವೈದ್ಯರು 1992ರಲ್ಲಿ ಪ್ರಕಟಿಸಿದ್ದು. ಬಲಕ್ಕೆ ಹೀಗೆ: ಕಾಲು ಚಾಚಿ ಕೂತು ತಲೆ ಬಲಕ್ಕೆ 45 ಡಿಗ್ರಿ, ಹಾಗೇ ಹಿಂದಕ್ಕೆ ಮಲಗಿ ತಲೆ ತುಸು ಜೋತುಬೀಳಬೇಕು. ಸುತ್ತು ನಿಂತ ಮೇಲೆ ಅರ್ಧ ನಿಮಿಷ ಕಾಯಬೇಕು. ಮಲಗಿದ ಹಾಗೇ ತಲೆಯನ್ನು ಎಡಕ್ಕೆ 90 ಡಿಗ್ರಿ ತಿರುಗಿಸಿ ಪುನಃ ಕಾಯುವುದು. ಆಮೇಲೆ ಎಡ ಮಗ್ಗುಲಿಗೆ ಹೊರಳಿ ಮೂಗು ನೆಲ ನೋಡುವ ಹಾಗೆ ಇನ್ನೂ ಕಾಯುವುದು. ಕೊನೆಗೆ ಗಲ್ಲ ಎದೆಯ ಕಡೆಗೆ ಇಟ್ಟುಕೊಂಡು ಏಳುವುದು. ಎಡದ ನಾಳವಾದರೆ ಎಲ್ಲವೂ ಉಲ್ಟಾ. ಯಾವ ಕಡೆ ಅಂತ ಗೊತ್ತಿಲ್ಲದೆ ಫೋನಿನಲ್ಲಿ ವಿಡಿಯೋ ನೋಡಿ ಅಜ್ಜಿಯಂದಿರನ್ನು ಉರುಳಿಸಬೇಡಿ. ಕಾಲರ್ ಕಟ್ಟಿ, ಕೂತೇ ನಿದ್ದೆ ಮಾಡಿ ಎಂಬ ನಿಯಮ ಇದರ ನಂತರ ಬೇಕಾಗಿಲ್ಲ. ಅಂದ ಹಾಗೆ ಆ ಕೇಂದ್ರದಲ್ಲಿ ಇಳಿಜಾರು ತಲೆದಿಂಬು ಸಹ ಮಾರುತ್ತಾರೆ, ಬೇರೆ ಬಿಲ್ಲು.

ಹಾಸಿಗೆಯ ಸುತ್ತು ಹೋಯಿತು. ಹರಳು ಪುನಃ ಜಾರುವುದುಂಟು, ಜಾರಿದರೆ ಪುನಃ ಎಪ್ಲಿ. ಓಲಾಟ ಮಾತ್ರ ಹೋಗಲಿಲ್ಲ. ಹೋಗಲು ಅದು ಹರಳಿನದ್ದೇ ಅಲ್ಲ. ಮಲಗಿಸಿ ಬಿಪಿ ನೋಡಿದಾಗ ಮೇಲಿನದ್ದು 142, ನಿಲ್ಲಿಸಿ ಮೂರು ನಿಮಿಷಕ್ಕೆ 116. ನಿಂತ ಮೂರು ನಿಮಿಷದೊಳಗೆ ಮೇಲಿನದ್ದು 20 ಅಥವಾ ಕೆಳಗಿನದ್ದು 10 ಇಳಿದರೆ ಅದೇ ಒಂದು ಕಾಯಿಲೆ. ಫಿಸಿಷಿಯನ್ ಬಿಪಿ ಮಾತ್ರೆ ಬದಲಿಸಿದ್ದಾರೆ. ಕಾಲಿನ ಹೆಬ್ಬೆರಳಿಗೆ ಟ್ಯೂನಿಂಗ್ ಫೋರ್ಕ್ (ತಟ್ಟಿದರೆ ಅದರುವ ಲೋಹದ ಕವಲು) ಇಟ್ಟರೆ ಅದರುವುದು ಗೊತ್ತಾಗುವುದಿಲ್ಲ, ಸಕ್ಕರೆಯಿಂದ ಪಾದದ ನರ ಮಂದ ಆಗಿದೆ. ಬ್ಯಾಲೆನ್ಸಿಗೆ ಕಿವಿ, ಕಣ್ಣು, ಪಾದ ಮೂರರ ಸುದ್ದಿಯೂ ಬೇಕು. ಪಾದ ಕೈಕೊಟ್ಟವರು ಕಣ್ಣನ್ನು ನಂಬಿ ನಡೆಯುತ್ತಾರೆ, ಕತ್ತಲಾದರೆ ಕಣ್ಣೂ ಇಲ್ಲ. ಮುಸ್ಸಂಜೆಯ ಅಂಗಳದ ಕಥೆ ಅದು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಟ್ಟಲೆ ತಿಂದರೆ ಬಿ12 ವಿಟಮಿನ್ ಕಡಿಮೆಯಾಗುವುದುಂಟು, ಅದರ ರಕ್ತಪರೀಕ್ಷೆ ಆಗಬೇಕಷ್ಟೇ. ಅಂದರೆ ಹುಡುಕಾಟ ಇನ್ನೂ ಮುಗಿದಿಲ್ಲ. ಆದರೆ 17,800ರ ಫೈಲಿನಲ್ಲಿ ಮಲಗಿಸಿ ನಿಲ್ಲಿಸಿ ನೋಡಿದ ಬಿಪಿ ಒಂದು ಕಡೆಯೂ ಇಲ್ಲ, ಪಾದ ಮುಟ್ಟಿ ನೋಡಿದ್ದೂ ಇಲ್ಲ.

ಹಾಗಾಗಿ ಹೋಗುವ ಮೊದಲು ಮನೆಯಲ್ಲೇ ಬರೆದಿಡಿ. ‘ತಿರುಗುತ್ತದಾ, ತೇಲುತ್ತದಾ’ ಅನ್ನುವುದಕ್ಕಿಂತ ಎಷ್ಟು ಹೊತ್ತು, ಏನು ಮಾಡುವಾಗ ಎನ್ನುವುದು ಮುಖ್ಯ. ಮಗ್ಗುಲಾದಾಗ, ತಲೆ ಎತ್ತಿದಾಗ ಬಂದು ಸೆಕೆಂಡುಗಳಲ್ಲಿ ನಿಂತರೆ ಹರಳು ಇರಬಹುದು. ಇಪ್ಪತ್ತು ನಿಮಿಷದಿಂದ ಗಂಟೆಗಟ್ಟಲೆ, ಕಿವಿಯಲ್ಲಿ ಗುಂಯ್, ಕಿವಿ ಕಟ್ಟಿದ ಹಾಗೆ, ಕೇಳಿಸುವುದು ಕಮ್ಮಿ ಆದರೆ ಮೆನಿಯರ್ ಎಂಬ ಒಳಕಿವಿಯ ಕಾಯಿಲೆ ಇರಬಹುದು. ತಲೆನೋವಿನ ಚರಿತ್ರೆ ಇದ್ದು ಬೆಳಕು, ಸದ್ದು ಸಹಿಸಲಾಗದಿದ್ದರೆ ಮೈಗ್ರೇನಿನ ತಲೆಸುತ್ತು ಇರಬಹುದು. ಸುತ್ತು ಬಂದಾಗ ಯಾರಾದರೂ ಹತ್ತಿರದಿಂದ ಕಣ್ಣಿನ ವಿಡಿಯೋ ತೆಗೆದಿಡಿ, ಡಾಕ್ಟರಿಗೆ ಅದು ಬಹಳ ಉಪಕಾರ. ಸಕ್ಕರೆ ಮಾತ್ರೆ ತಿನ್ನುವವರಾದರೆ ಆ ಹೊತ್ತಿಗೇ ಬೆರಳು ಚುಚ್ಚಿ ಸಕ್ಕರೆಯನ್ನೂ ನೋಡಿ. ತಿನ್ನುವ ಎಲ್ಲ ಮಾತ್ರೆಯ ಪಟ್ಟಿ ಬೇಕು, ಪ್ರಾಸ್ಟೇಟಿನದ್ದೂ, ಮೂತ್ರ ಹೋಗಲು ಕೊಡುವ ಮಾತ್ರೆಯೂ ಸೇರಿ.

ತಲೆಸುತ್ತಿಗೆ ಕೊಡುವ ಬೀಟಾಹಿಸ್ಟಿನ್ ಮಾತ್ರೆ ಹರಳನ್ನು ಅಲುಗಿಸುವುದಿಲ್ಲ. ಸಿನ್ನರಿಜಿನ್, ಪ್ರೊಕ್ಲೋರ್‌ಪೆರಜಿನ್ ಜೋರು ಇದ್ದಾಗ ಕೆಲವು ದಿನಕ್ಕೆ ಸರಿ. ತಿಂಗಳುಗಟ್ಟಲೆ ತಿಂದರೆ ಮಿದುಳು ತಾನಾಗಿ ಹೊಂದಿಕೊಳ್ಳುವುದೇ ನಿಧಾನವಾಗುತ್ತದೆ, ವಯಸ್ಸಾದವರಿಗೆ ಕೈ ನಡುಕ, ಪಾರ್ಕಿನ್ಸನ್ ಥರದ ನಡಿಗೆ ಬರುವುದುಂಟು. ಹಳೇ ಚೀಟಿ ತೋರಿಸಿ ಮೆಡಿಕಲ್ಲಿನಿಂದ ತರುತ್ತಾ ಇರಬೇಡಿ.

ಒಂದು ಮಾತ್ರ ಕಾಯುವ ವಿಷಯ ಅಲ್ಲ. ಸುತ್ತಿನ ಜೊತೆ ಮಾತು ತೊದಲು, ಎರಡೆರಡು ಕಾಣುವುದು, ಒಂದು ಕಡೆ ಬಲ ಇಲ್ಲ, ಹಿಡಿಯದೆ ಕೂರಲೂ ಆಗುವುದಿಲ್ಲ, ಎಂದೂ ಇಲ್ಲದ ತಲೆನೋವು ಇದ್ದರೆ ಸ್ಟ್ರೋಕ್ ಇರಬಹುದು, ನೇರ ದೊಡ್ಡ ಆಸ್ಪತ್ರೆಗೆ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಮಿತಿ. ಸಿಟಿ ಸ್ಕ್ಯಾನ್ ನಾರ್ಮಲ್ ಅಂದರೂ ಲಕ್ಷಣ ಹೋಗದಿದ್ದರೆ ಸುಮ್ಮನಿರಬೇಡಿ, ಮಿದುಳಿನ ಹಿಂಭಾಗದ ಸ್ಟ್ರೋಕ್ ಸಿಟಿಯಲ್ಲಿ ತಪ್ಪಿಹೋಗುವುದುಂಟು. ಒಂದು ಕಿವಿ ತಟ್ಟನೆ ಕೇಳದಾದರೆ ಅದೂ ತುರ್ತು.

ದುಡ್ಡಿನ ವಿಷಯ. ಪರೀಕ್ಷೆಯ ದಾಖಲೆ ಕೊಡಿ ಅಂತ ಲಿಖಿತವಾಗಿ ಕೇಳಿ. ವೈದ್ಯರ 2002ರ ನಿಯಮಾವಳಿ ಪ್ರಕಾರ 72 ಗಂಟೆಯೊಳಗೆ ಕೊಡಬೇಕು. ಗಡಿ ಆಚೆಯ ಕೇಂದ್ರ ಅಂತ ಹೆದರುವುದು ಬೇಡ. 2019ರ ಗ್ರಾಹಕ ಕಾಯ್ದೆಯಲ್ಲಿ ನಾವು ವಾಸ ಇರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಅಂದರೆ ಕಾಸರಗೋಡಿನಲ್ಲೇ. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ, ದೂರನ್ನು ಎರಡು ವರ್ಷದೊಳಗೆ ಕೊಡಬೇಕು. ಗ್ರಾಹಕ ಸಹಾಯವಾಣಿ 1915. ಅಣ್ಣನಿಗೆ ನಾಚಿಕೆ, ‘ಹೋದ್ರೆ ಹೋಯ್ತು ಬಿಡು’ ಅನ್ನುತ್ತಾನೆ. ನಾನು ಬಿಡುವುದಿಲ್ಲ. ಮೂರನೇ ಪುಟದ ಆ ಸಾಲಿನ ಕೆಳಗೆ ಯಾರ ಸಹಿ ಉಂಟೋ ಅವರು, ಕಾಲರ್ ಬಿಚ್ಚದೆ ಹಾಲ್‌ಪೈಕ್ ಹೇಗೆ ಮಾಡಿದರು ಅಂತ ಆಯೋಗದ ಮುಂದೆ ಬಂದು ತೋರಿಸಲಿ.