ಹಳೇ ಕ್ಯಾಸೆಟ್ ಡೆಕ್: ನಾಲ್ಕು ಮಳೆಗಾಲ ಕಳೆದ ಮೇಲೆ

ಈ ಡೆಕ್ಕನ್ನು ಬಯ್ಯಬೇಕು ಅಂತಲೇ ಬರೆಯಲು ಕೂತೆ.

ನಾಲ್ಕು ವರ್ಷದ ಹಿಂದೆ 9,000 ರೂಪಾಯಿ ಕೊಟ್ಟು ತಂದ ಜಪಾನಿ ಡೆಕ್. ಎರಡು ಹೆಡ್ (ಟೇಪಿಗೆ ತಾಗಿ ದನಿ ಬರೆಯುವ, ಓದುವ, ಅಳಿಸುವ ಭಾಗ), ಟೇಪಿನ ‘ಸ್ಸ್’ ಸದ್ದು ತಗ್ಗಿಸುವ ಡಾಲ್ಬಿ ಬಿ ಮತ್ತು ಸಿ. ಅದು ಜಪಾನಿನ ಮನೆಗಳಿಗೇ ಮಾಡಿದ 100 ವೋಲ್ಟ್‌ನ ಡೆಕ್ ಅಂತ ಮಾರಿದವರು ಬಾಯಿ ಬಿಡಲಿಲ್ಲ. ಡೆಕ್ಕಿನ ಹಿಂಬದಿಯ ಚೀಟಿ ಓದಿದ್ದಕ್ಕೆ ಬಚಾವಾದೆ. ನಮ್ಮ 230ಕ್ಕೆ ಸೀದಾ ಚುಚ್ಚಿದ್ದರೆ ಹೊಗೆಯೇ. ಟ್ರಾನ್ಸ್‌ಫಾರ್ಮರ್‌ಗೆ ಮತ್ತೆ ದುಡ್ಡು. ಮುಚ್ಚಳ ತೆಗೆದರೆ ಒಳಗೆ ಟೇಪ್ ಓಡಿಸುವ ರಬ್ಬರ್ ಬೆಲ್ಟ್ ಕರಗಿ ಡಾಂಬರ್ ಆಗಿತ್ತು. ಎರಡು ದಿನ ಊಟಕ್ಕೆ ಕೂತರೂ ಬೆರಳು ಕರ್ರಗೆ.

ಇಷ್ಟೆಲ್ಲ ಆದಮೇಲೆ ಹಾಡಿದ್ದಾದರೂ ಹೇಗೆ? ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ. ಟಿಳಕವಾಡಿಯ ನಮ್ಮ ಮನೆಯಲ್ಲಿ ಅಪ್ಪ ಧಾರವಾಡ ಆಕಾಶವಾಣಿಯಿಂದ ತುಂಬಿಕೊಂಡ ಕ್ಯಾಸೆಟ್ಟುಗಳು ಎರಡು ಟ್ರಂಕ್ ಇವೆ. ಬೆಳಗಾವಿ ಮಳೆಗೆ ಕೆಲವಕ್ಕೆ ಬಿಳಿ ಬೂಸ್ಟು ಹಿಡಿದಿತ್ತು. ಅವನ್ನು ಬೇರೆ ಇಟ್ಟೆ. ಉಳಿದವೂ ಸತ್ತವು ಅಂದುಕೊಂಡು ಎರಡು ವರ್ಷ ಸುಮ್ನೆ ಕೂತೆ.

ತಪ್ಪು ಟೇಪಿನದಲ್ಲ, ಹೆಡ್ ನಿಂತ ಓರೆಯದು. ಟೇಪ್ ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್. ಆ ಲೆಕ್ಕದಲ್ಲಿ 10,000 ಹರ್ಟ್ಜ್‌ನ ತೆಳು ದನಿಯ ಒಂದು ಅಲೆ ಟೇಪಿನ ಮೇಲೆ 5 ಮೈಕ್ರಾನ್ ಕೂಡ ಇರುವುದಿಲ್ಲ. ರೆಕಾರ್ಡ್ ಮಾಡಿದ ಹೆಡ್ ಒಂದು ಕಡೆ ವಾಲಿ, ಕೇಳಿಸುವ ಹೆಡ್ ಇನ್ನೊಂದು ಕಡೆ ವಾಲಿದರೆ ಮೊದಲು ಹೋಗುವುದು ಆ ತೆಳು ದನಿಯೇ. ಹೆಡ್ ಪಕ್ಕದ ಒಂದು ಪುಟ್ಟ ಸ್ಕ್ರೂ ಈ ಓರೆಯನ್ನು ತಿದ್ದುತ್ತದೆ. ಅಜಿಮತ್ ಸ್ಕ್ರೂ ಅಂತಾರೆ.

ಕ್ಯಾಸೆಟ್ ಬಾಗಿಲಿನ ಮುಂದಿನ ಪಟ್ಟಿ ತೆಗೆದು, ಆಂಪ್ಲಿಫೈಯರ್‌ನಲ್ಲಿ ಎಡ-ಬಲದ ದನಿ ಒಂದು ಮಾಡುವ ಮೋನೋ ಗುಂಡಿ ಒತ್ತಿ, ಟೇಪ್ ಓಡುತ್ತಿದ್ದಾಗಲೇ ನಿಧಾನ ತಿರುಗಿಸಿದೆ. ಮೋನೋದಲ್ಲಿ ತಪ್ಪು ಜಾಸ್ತಿ ಎದ್ದು ಕಾಣುತ್ತದೆ. ಕಾಲು ಸುತ್ತೂ ಆಗಿರಲಿಲ್ಲ. ತಬಲಾದ ‘ನಾ’ ಟಣ್ ಅಂತು. ಅದರ ಹಿಂದೆ ತಂಬೂರಿ ಬಂತು. ಈ ಟೇಪಿನಲ್ಲಿ ತಂಬೂರಿ ಇದೆ ಅನ್ನೋದೇ ನನಗೆ ಗೊತ್ತಿರಲಿಲ್ಲ ಮಾರಾಯರೇ.

ಪೀಕಲಾಟ ಏನಂದರೆ, ಒಂದೊಂದು ಕ್ಯಾಸೆಟ್ಟಿಗೂ ಒಂದೊಂದು ಓರೆ. ನಾಕಾಮಿಚಿ ಡ್ರ್ಯಾಗನ್ ಅಂತ 1982ರಲ್ಲಿ ಬಂದ ಡೆಕ್ ಇದನ್ನು ತಾನೇ ಸರಿಮಾಡಿಕೊಳ್ಳುತ್ತಿತ್ತು. ಅದರ ಇವತ್ತಿನ ಬೆಲೆ ಕೇಳಿ ಫೋನ್ ಕೆಳಗಿಟ್ಟೆ. ನನ್ನ ಡ್ರ್ಯಾಗನ್ ನಾನೇ. ಸ್ಕ್ರೂ ಮೊದಲಿದ್ದ ಜಾಗಕ್ಕೆ ಹೆಂಡತಿಯ ನೇಲ್ ಪಾಲಿಶಿನ ಚುಕ್ಕಿ ಇಟ್ಟಿದ್ದೇನೆ. ಪ್ರತಿ ಕ್ಯಾಸೆಟ್ಟಿನ ಚೀಟಿ ಮೇಲೆ ಪೆನ್ಸಿಲಿನಲ್ಲಿ ‘ಎಡಕ್ಕೆ ಅರ್ಧಪಾವು’, ‘ಬಲಕ್ಕೆ ಕೂದಲೆಳೆ’ ಅಂತ ಬರೆದಿರುತ್ತೇನೆ. ಭಾನುವಾರ ಚಹಾ ಕುಡಿದು, ಹತ್ತಿಯ ಇಯರ್‌ಬಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹೆಡ್ ಒರೆಸುವುದು. ಕಂದು ಬಣ್ಣ ಬರೋದು ನಿಂತಮೇಲೆ ಕ್ಯಾಸೆಟ್ ಹಾಕುವುದು. ಆಮೇಲೆ ಕಣ್ಣು ಮುಚ್ಚಿ ಸ್ಕ್ರೂ. ಹಾಡು ಕೇಳುವುದಕ್ಕಿಂತ ಈ ಐದು ನಿಮಿಷವೇ ಹೆಚ್ಚು ಇಷ್ಟ ಅಂತ ಮನೆಯಲ್ಲಿ ಹೇಳುವ ಹಾಗಿಲ್ಲ. ಎರಡನೇ ಡೆಕ್ ತಂದಾಗಲೇ “ಇನ್ನೊಂದ್ ತಂದ್ರ ಅದರ ಮ್ಯಾಲೇ ಮಲ್ಕೋರಿ” ಅಂದಿದ್ದಾಳೆ.

ಕೊಳ್ಳುವುದಾದರೆ ಇಷ್ಟು ನೋಡಿ: ವೋಲ್ಟೇಜ್ ಚೀಟಿ, ಹೆಡ್ ಸವೆದಿದೆಯಾ, ಬೆಲ್ಟ್ ಬದಲಾಗಿದೆಯಾ. ಅಯಸ್ಕಾಂತದ ಸ್ಕ್ರೂಡ್ರೈವರ್ ಹೆಡ್ ಹತ್ತಿರ ಒಯ್ಯಬೇಡಿ. ಸುಮ್ನೆ ಹಾಡು ಸಾಕು ಅನ್ನುವವರಿಗೆ ಫೋನೇ ಸರಿ.

ಒಂದು ಕ್ಯಾಸೆಟ್ ಮಾತ್ರ ತಿಂಗಳುಗಟ್ಟಲೆ ಕಾಡಿತು. ಎ ಬದಿಗೊಂದು ಓರೆ, ಬಿ ಬದಿಗೆ ಪೂರಾ ಬೇರೆ. ಕೊನೆಗೆ ಅಪ್ಪನನ್ನೇ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ಅಂದರು: “ಹೌದಲೇ, ಆವಾಗ ನಮ್ದು ಕೆಟ್ಟಿತ್ತು. ಮಗ್ಗಲ ಮನಿಯವ್ರದು ಇಸ್ಕೊಂಡ್ ಬಂದಿದ್ದೆ.”